ದುಡ್ಡು ಕೊಟ್ಟರೆ ಮೆಡಿಕಲ್ ಸೀಟು ಸಿಗುತ್ತಾ? ಡಾ. ಟಿ.ಎಂ.ಎ. ಪೈ ಬದುಕಿನಲ್ಲಿದೆ ಉತ್ತರ

ಪ್ರತಿ ವರ್ಷ ನೀಟ್ ಫಲಿತಾಂಶ ಬಂದ ಕೂಡಲೇ ಒಂದು ಬಗೆಯ ಮೆಸೇಜ್ ನಮ್ಮೆಲ್ಲರ ಮೊಬೈಲಿನಲ್ಲಿ ಓಡಾಡಲು ಶುರುವಾಗುತ್ತದೆ. ಅಂಕ ಕಡಿಮೆ ಬಂದರೂ ಚಿಂತೆ ಬೇಡ, ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಎಂಬಿಬಿಎಸ್ ಸೀಟು ಖಚಿತ, ಕೂಡಲೇ ಮುಂಗಡ ಕೊಟ್ಟು ಬುಕ್ ಮಾಡಿ ಎನ್ನುವ ಮೆಸೇಜ್. ಕೆಳಗೆ ಒಂದು ಮೊಬೈಲ್ ನಂಬರ್. ಪುತ್ತೂರು ತಾಲೂಕಿನ ಕೆದಂಬಾಡಿಯಂಥ ಊರಿನಲ್ಲಿ ಅಡಿಕೆ, ರಬ್ಬರ್ ನಂಬಿಕೊಂಡು ಮಕ್ಕಳನ್ನು ಓದಿಸುವ ಅಪ್ಪ ಅಮ್ಮನಿಗೆ ಇದನ್ನು ನೋಡಿದಾಗ ಒಂದು ಆಸೆ ಹುಟ್ಟುವುದು ಸಹಜ. ಜಾಗ ಅಡವಿಟ್ಟಾದರೂ ಕೊಡೋಣ ಎಂದು ಯೋಚಿಸುವವರೂ ಇದ್ದಾರೆ.

ಈ ಮೆಸೇಜ್ ನಿಜವೇ? ಅಲ್ಲ. ಆದರೆ ಜನ ಇದನ್ನು ಇಷ್ಟು ಸುಲಭವಾಗಿ ನಂಬುವುದಕ್ಕೆ ಒಂದು ಕಾರಣವಿದೆ. ದುಡ್ಡು ಕೊಟ್ಟು ಮೆಡಿಕಲ್ ಸೀಟು ಪಡೆಯುವ ಕಾಲ ನಮ್ಮ ಜಿಲ್ಲೆಯಲ್ಲಿ ನಿಜವಾಗಿಯೂ ಇತ್ತು. ಅದು ಶುರುವಾದದ್ದು ನಮ್ಮ ಪಕ್ಕದ ಮಣಿಪಾಲದಲ್ಲೇ. ಅದು ಹೇಗೆ ಬಂತು, ಹೇಗೆ ಹೋಯಿತು ಎಂದು ತಿಳಿಯಬೇಕಾದರೆ ಒಬ್ಬ ವ್ಯಕ್ತಿಯ ಬದುಕನ್ನು ನೋಡಬೇಕು. ಅವರು ಡಾ. ತೋನ್ಸೆ ಮಾಧವ ಅನಂತ ಪೈ, ನಾವೆಲ್ಲ ಹೇಳುವ ಡಾ. ಟಿ.ಎಂ.ಎ. ಪೈ.

ಮದ್ರಾಸಿಗೆ ಹೋಗಿ ಡಾಕ್ಟರಾದ ಹುಡುಗ

ಪೈಗಳು ಹುಟ್ಟಿದ್ದು 1898ರ ಏಪ್ರಿಲ್ 30ರಂದು, ಉಡುಪಿ ಸಮೀಪದ ಕಲ್ಯಾಣಪುರದಲ್ಲಿ. ಆಗ ಉಡುಪಿ, ಮಂಗಳೂರು, ಪುತ್ತೂರು, ಕಾಸರಗೋಡು ಎಲ್ಲವೂ ಸೌತ್ ಕೆನರಾ ಎಂಬ ಒಂದೇ ಜಿಲ್ಲೆ. ಆ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಜಿಲ್ಲೆಯಲ್ಲಿ ಮೆಡಿಕಲ್ ಕಾಲೇಜು ಇರಲಿಲ್ಲ. ಡಾಕ್ಟರಾಗಬೇಕು ಅಂದರೆ ಮದ್ರಾಸ್ ಮೆಡಿಕಲ್ ಕಾಲೇಜಿಗೆ ಹೋಗಬೇಕು. 1907ರಲ್ಲಿ ಮಂಗಳೂರಿಗೆ ರೈಲು ಬಂದದ್ದರಿಂದ ದಾರಿ ಸ್ವಲ್ಪ ಸುಲಭವಾಗಿತ್ತು. ಆದರೆ ಅಲ್ಲಿ ವರ್ಷಗಟ್ಟಲೆ ಉಳಿದು ಓದುವ ಖರ್ಚು ಎಲ್ಲ ಮನೆಗಳ ಕೈಗೆಟುಕುವಂಥದ್ದಲ್ಲ.

ಪೈಗಳು ಮದ್ರಾಸಿನಲ್ಲಿ ಓದಿ 1925ರಲ್ಲಿ ಎಂಬಿಬಿಎಸ್ ಮುಗಿಸಿದರು. ಹೊರದೇಶಕ್ಕೆ ಹೋಗಿ ವೃತ್ತಿ ನಡೆಸುವ ಆಸೆ ಅವರಿಗಿತ್ತು. ತಾಯಿಗೆ ಮಗ ಊರಿನಲ್ಲೇ ಇರಬೇಕು ಎಂದಿತ್ತು. ತಾಯಿಯ ಮಾತಿನಂತೆ ಅವರು ಊರಿಗೆ ಮರಳಿ ರೋಗಿಗಳನ್ನು ನೋಡಲು ಶುರುಮಾಡಿದರು.

ಡಾಕ್ಟರು ಬ್ಯಾಂಕಿನವರಾದದ್ದು

ಅದೇ 1925ರಲ್ಲಿ ಅಣ್ಣ ಉಪೇಂದ್ರ ಅನಂತ ಪೈ ಮತ್ತು ವಾಮನ ಶ್ರೀನಿವಾಸ ಕುಡ್ವರ ಜೊತೆ ಸೇರಿ ಅವರು ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು. ಶುರುವಿನ ಬಂಡವಾಳ 8,000 ರೂಪಾಯಿ. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಉದ್ದೇಶವಾಗಿತ್ತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಇದೇ. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

1928ರಲ್ಲಿ ಈ ಬ್ಯಾಂಕ್ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ತೆಗೆದುಕೊಂಡು ಹೋಗುತ್ತಿದ್ದರು. ಸರಕಾರವನ್ನಾಗಲಿ ದೊಡ್ಡ ಸಾಹುಕಾರರನ್ನಾಗಲಿ ಕಾಯದೆ, ಜನರ ಕೈಯಲ್ಲಿರುವ ಹಣವನ್ನೇ ಒಟ್ಟುಮಾಡಿ ದೊಡ್ಡ ಕೆಲಸ ಮಾಡಬಹುದು ಎಂಬುದು ಇದರ ಹಿಂದಿನ ಲೆಕ್ಕ. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಮೆಡಿಕಲ್ ಕಾಲೇಜಿಗೂ ಅವರು ಬಳಸಿದ್ದು ಇದನ್ನೇ.

ಇಡೀ ರಾಜ್ಯಕ್ಕೆ 330 ಸೀಟು

1942ರಲ್ಲಿ ಪೈಗಳು ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪಿಸಿದರು. 1949ರಲ್ಲಿ ಉಡುಪಿಯಲ್ಲಿ ಮಹಾತ್ಮ ಗಾಂಧಿ ಮೆಮೋರಿಯಲ್ ಕಾಲೇಜು, ಅಂದರೆ ಎಂಜಿಎಂ ಕಾಲೇಜು ಬಂತು. ಆದರೆ ಡಾಕ್ಟರಾಗುವ ದಾರಿ ಇನ್ನೂ ಮದ್ರಾಸಿನ ಮೂಲಕವೇ ಹೋಗಬೇಕಿತ್ತು.

ಆ ದಾರಿ ಎಷ್ಟು ಕಿರಿದಾಗಿತ್ತು? 1951ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಅದರ ಲೆಕ್ಕ ಸಿಗುತ್ತದೆ. ಮದ್ರಾಸ್ ರಾಜ್ಯ ಆಗ ಇಂದಿನ ತಮಿಳುನಾಡು, ಆಂಧ್ರದ ಬಹುಭಾಗ, ಮಲಬಾರ್ ಮತ್ತು ನಮ್ಮ ಸೌತ್ ಕೆನರಾವನ್ನು ಒಳಗೊಂಡಿತ್ತು. ಇಷ್ಟು ದೊಡ್ಡ ರಾಜ್ಯದ ನಾಲ್ಕು ಸರಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಒಟ್ಟು ಇದ್ದದ್ದು 330 ಸೀಟು. ಹೊರರಾಜ್ಯದವರಿಗೆ 17, ಸರಕಾರದ ವಿವೇಚನೆಗೆ 12 ಬಿಟ್ಟು ಉಳಿದವನ್ನು ಜಿಲ್ಲೆಗಳ ನಾಲ್ಕು ಗುಂಪುಗಳಿಗೆ ಹಂಚಿ, ಒಳಗೆ ಮತ್ತೆ ಜಾತಿ ಸಮುದಾಯಗಳ ಪ್ರಕಾರ ಪಾಲು ಮಾಡುತ್ತಿದ್ದರು. ಕೋರ್ಟ್ ಆ ಹಂಚಿಕೆಯನ್ನು ರದ್ದು ಮಾಡಿತು. ಹಿಂದುಳಿದವರಿಗೆ ಮೀಸಲಾತಿ ಕೊಡಲು ಸಾಧ್ಯವಾಗುವಂತೆ ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂತು.

1951ರಲ್ಲಿ ಕೆದಂಬಾಡಿಯ ಒಬ್ಬ ಹುಡುಗ ಅರ್ಜಿ ಹಾಕಿದ್ದರೆ ಅವನು ನಿಲ್ಲಬೇಕಾಗಿದ್ದದ್ದು ಈ ಸಾಲಿನಲ್ಲಿ. ಬುದ್ಧಿ ಇದ್ದರೂ ಸೀಟೇ ಇಲ್ಲ. ಅತ್ತ ಊರಿನಲ್ಲಿ ಡಾಕ್ಟರೂ ಇಲ್ಲ.

ಬೋಳುಗುಡ್ಡದ ಮೇಲೆ ಕಾಲೇಜು

1953ರ ಜೂನ್ 30ರಂದು ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾಯಿತು. ಹೆಸರು ಗಾಂಧೀಜಿಯವರ ಪತ್ನಿ ಕಸ್ತೂರ್ಬಾ ಅವರದು. ಸರಕಾರದ ಹಣವಿಲ್ಲದೆ ಮೆಡಿಕಲ್ ಕಾಲೇಜು ನಡೆಸುವುದು ಆಗದ ಮಾತು ಎಂದೇ ಬಹಳ ಮಂದಿ ಅಂದುಕೊಂಡಿದ್ದ ಕಾಲ ಅದು.

ಪೈಗಳ ಮುಂದೆ ಮೂರು ತೊಡಕುಗಳಿದ್ದವು. ಮೊದಲನೆಯದು ಮಾನ್ಯತೆ. ಜಿಲ್ಲೆ ಇದ್ದದ್ದು ಮದ್ರಾಸ್ ರಾಜ್ಯದಲ್ಲಿ, ಆದರೆ ಕಾಲೇಜು ಸಂಯೋಜನೆ ಪಡೆದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ. ಆಗ ಧಾರವಾಡ ಬೊಂಬಾಯಿ ರಾಜ್ಯಕ್ಕೆ ಸೇರಿತ್ತು. ಎರಡನೆಯದು ಆಸ್ಪತ್ರೆ. ರೋಗಿಗಳಿಲ್ಲದೆ ವೈದ್ಯಕೀಯ ಕಲಿಸಲು ಆಗುವುದಿಲ್ಲ. ಅದಕ್ಕೆ ಮೊದಲ ವರ್ಷಗಳ ಪಾಠ ಮಣಿಪಾಲದಲ್ಲಿ, ರೋಗಿಗಳ ಬಳಿ ಕಲಿಯುವ ಪಾಠ ಮಂಗಳೂರಿನ ಸರಕಾರಿ ವೆನ್ಲಾಕ್ ಮತ್ತು ಲೇಡಿಗೋಶನ್ ಆಸ್ಪತ್ರೆಗಳಲ್ಲಿ ಎಂದು ವ್ಯವಸ್ಥೆಯಾಯಿತು. ಖಾಸಗಿ ಕಾಲೇಜು ಮತ್ತು ಸರಕಾರಿ ಆಸ್ಪತ್ರೆ ಹೀಗೆ ಕೈಜೋಡಿಸಿದ್ದು ಆಗ ಹೊಸ ಸಂಗತಿ.

ಮೂರನೆಯದು ಹಣ. ಇಲ್ಲಿ ಅವರು ಪಿಗ್ಮಿಯ ಲೆಕ್ಕವನ್ನೇ ತಂದರು. ಓದಲು ಬರುವವರ ಮನೆಯವರೇ ಕಾಲೇಜು ಕಟ್ಟುವ ಖರ್ಚಿನಲ್ಲಿ ಪಾಲು ಕೊಡಲಿ ಎಂಬುದು ಆ ಯೋಚನೆ. ಮುಂದೆ ಕ್ಯಾಪಿಟೇಶನ್ ಶುಲ್ಕ, ಜನರ ಬಾಯಲ್ಲಿ ಡೊನೇಶನ್ ಎಂದಾದದ್ದು ಇದೇ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಸರಿಪಡಿಸೋಣ. ಇದು ಭಾರತದ ಮೊತ್ತಮೊದಲ ಖಾಸಗಿ ಮೆಡಿಕಲ್ ಕಾಲೇಜು ಎಂದು ಬಹಳಷ್ಟು ಫಾರ್ವರ್ಡ್‌ಗಳಲ್ಲಿ ಇರುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಇದಕ್ಕಿಂತ ಹಳೆಯದು, ಅದೂ ಸರಕಾರಿ ಅಲ್ಲ. ಆದರೆ ಅದು ಮಿಷನ್ ನೆರವಿನಿಂದ ಬೆಳೆದ ಸಂಸ್ಥೆ. ವಿದ್ಯಾರ್ಥಿಗಳು ಕೊಡುವ ಹಣದ ಮೇಲೇ ನಿಂತ ಖಾಸಗಿ ಮೆಡಿಕಲ್ ಕಾಲೇಜು ಎಂಬ ಅರ್ಥದಲ್ಲಿ ಮಣಿಪಾಲದ್ದು ಮೊದಲನೆಯದು.

ಒಳ್ಳೆಯದೋ ಕೆಟ್ಟದ್ದೋ?

ಎರಡೂ ಹೌದು ಎನ್ನಬೇಕಾಗುತ್ತದೆ. ಡಾಕ್ಟರುಗಳೇ ಇಲ್ಲದ ಕಾಲದಲ್ಲಿ ಈ ಕಾಲೇಜು ಡಾಕ್ಟರುಗಳನ್ನು ಕೊಟ್ಟಿತು. ವೆನ್ಲಾಕ್‌ನಲ್ಲಿ ಬಡ ರೋಗಿಗಳಿಗೆ ಕಲಿತ ವೈದ್ಯರ ಆರೈಕೆ ಸಿಕ್ಕಿತು. ಮುಂದೆ ಇಂಜಿನಿಯರಿಂಗ್, ಫಾರ್ಮಸಿ, ದಂತವೈದ್ಯಕೀಯ ಕಾಲೇಜುಗಳು ಅದೇ ಗುಡ್ಡದಲ್ಲಿ ಬಂದವು. 1972ರಲ್ಲಿ ಪೈಗಳಿಗೆ ಪದ್ಮಶ್ರೀ ಸಿಕ್ಕಿತು. 1979ರ ಮೇ 29ರಂದು ಅವರು ತೀರಿಕೊಂಡರು.

ಆದರೆ ಅವರು ತೆರೆದ ಬಾಗಿಲಿನಲ್ಲಿ ಬೇರೆಯವರೂ ನುಗ್ಗಿದರು. ಸೀಟು ಬೆರಳೆಣಿಕೆ, ಕೇಳುವವರು ಸಾವಿರಾರು. ಹಾಗಾಗಿ ಪಾಲುದಾರಿಕೆ ಎಂದು ಶುರುವಾದದ್ದು ಹರಾಜಿನಂತಾಯಿತು. ದುಡ್ಡಿಲ್ಲದ ಜಾಣ ಮಕ್ಕಳು ಹೊರಗೆ ಉಳಿದರು. ಕೊನೆಗೆ 1984ರಲ್ಲಿ ಕರ್ನಾಟಕ ಸರಕಾರವೇ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾನೂನು ತಂದಿತು.

ಕೋರ್ಟಿನಲ್ಲಿ ಉಳಿದ ಹೆಸರು

1992ರಲ್ಲಿ ಉತ್ತರ ಪ್ರದೇಶದ ಒಬ್ಬ ವಿದ್ಯಾರ್ಥಿನಿಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಇದ್ದಾಗ, ಹೊರರಾಜ್ಯದವರಿಂದ ಕರ್ನಾಟಕದ ಖಾಸಗಿ ಕಾಲೇಜು 60,000 ಪಡೆಯಬಹುದಿತ್ತು. ಮೋಹಿನಿ ಜೈನ್ ಪ್ರಕರಣ ಎಂದು ಹೆಸರಾದ ಇದರಲ್ಲಿ ಕೋರ್ಟ್ ಕ್ಯಾಪಿಟೇಶನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದಿತು. 1994ರಲ್ಲಿ ಕರ್ನಾಟಕದಲ್ಲಿ ಸಿಇಟಿ ಶುರುವಾಯಿತು.

2002ರ ಅಕ್ಟೋಬರ್ 31ರಂದು 11 ನ್ಯಾಯಮೂರ್ತಿಗಳ ಪೀಠ ಇನ್ನೊಂದು ದೊಡ್ಡ ತೀರ್ಪು ಕೊಟ್ಟಿತು. ಅದರ ಹೆಸರು ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣ. ಪೈಗಳೇ ಕೋರ್ಟಿಗೆ ಹೋಗಿದ್ದರು ಎಂದು ಕೆಲವರು ಬರೆಯುತ್ತಾರೆ, ಅದು ಸರಿಯಲ್ಲ. ತೀರ್ಪು ಬರುವಾಗ ಅವರು ತೀರಿಕೊಂಡು 23 ವರ್ಷ ಕಳೆದಿತ್ತು. ಹೋದದ್ದು ಅವರ ಹೆಸರಿನ ಪ್ರತಿಷ್ಠಾನ. ಖಾಸಗಿಯವರು ಕಾಲೇಜು ನಡೆಸಬಹುದು, ಸಮಂಜಸವಾದ ಶುಲ್ಕ ಪಡೆಯಬಹುದು, ಆದರೆ ಲಾಭಕೋರತನ ಮತ್ತು ಕ್ಯಾಪಿಟೇಶನ್ ಸಲ್ಲದು, ಪ್ರವೇಶಕ್ಕೆ ಅರ್ಹತೆಯೇ ಆಧಾರ ಎಂಬುದು ತೀರ್ಪಿನ ಸಾರ. ಡೊನೇಶನ್ ಪದ್ಧತಿಯ ಮೊದಲ ಹೆಜ್ಜೆ ಇಟ್ಟವರ ಹೆಸರೇ ಈಗ ಡೊನೇಶನ್ ಸಲ್ಲದು ಎನ್ನುವ ತೀರ್ಪಿನ ಮೇಲಿದೆ.

ಇವತ್ತಿನ ದಾರಿ ಯಾವುದು?

2013ರಲ್ಲಿ ಬಂದು ರದ್ದಾದ ನೀಟ್, 2016ರಲ್ಲಿ ಮತ್ತೆ ಬಂತು. ಈಗ ಸರಕಾರಿ, ಖಾಸಗಿ, ಡೀಮ್ಡ್ ಯಾವುದೇ ಕಾಲೇಜಿರಲಿ, ಮ್ಯಾನೇಜ್‌ಮೆಂಟ್ ಮತ್ತು ಎನ್‌ಆರ್‌ಐ ಸೀಟುಗಳೂ ಸೇರಿದಂತೆ ಎಂಬಿಬಿಎಸ್ ಪ್ರವೇಶಕ್ಕೆ ನೀಟ್ ಅರ್ಹತೆ ಮತ್ತು ಕೌನ್ಸೆಲಿಂಗ್ ಕಡ್ಡಾಯ. ನಮ್ಮ ಜಿಲ್ಲೆಯ ಮಕ್ಕಳು ತಿಳಿದಿರಬೇಕಾದ ವಿಷಯಗಳು ಇವು:

• ಕರ್ನಾಟಕದ ಸರಕಾರಿ ಮತ್ತು ಖಾಸಗಿ ಕಾಲೇಜುಗಳ ಸೀಟು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಸುಳ್ಯದ ಮೆಡಿಕಲ್ ಕಾಲೇಜಿಗೂ ಇದೇ ದಾರಿ.

• ಮಣಿಪಾಲದಂಥ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟು ಮತ್ತು ಸರಕಾರಿ ಕಾಲೇಜುಗಳ ಶೇ. 15 ಅಖಿಲ ಭಾರತ ಕೋಟಾ ಸೀಟು ಹಂಚುವುದು ಕೇಂದ್ರದ ಎಂಸಿಸಿ. ಇದಕ್ಕೆ ಬೇರೆಯೇ ನೋಂದಣಿ ಬೇಕು. ಕೆಇಎಯಲ್ಲಿ ಹಾಕಿದರೆ ಇಲ್ಲಿಗೂ ಸಾಕು ಎಂಬುದು ತಪ್ಪು.

• ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. 2017ರಿಂದ ಈ ಅವಕಾಶ ಇದೆ.

• ರಾಜ್ಯ ಕೋಟಾದಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಒಂದರಿಂದ ಹತ್ತನೇ ತರಗತಿವರೆಗೆ ಹಾಗೆ ಓದಿರಬೇಕು. ಶಾಲೆಯ ಮುಖ್ಯೋಪಾಧ್ಯಾಯರ ಪ್ರಮಾಣಪತ್ರಕ್ಕೆ ಬಿಇಒ ಸಹಿ ಬೇಕು. ಅರ್ಜಿ ತುಂಬುವಾಗಲೇ ಇದನ್ನು ನಮೂದಿಸಿ. ಹಳ್ಳಿ ಶಾಲೆಯಲ್ಲಿ ಓದಿದ ಮಕ್ಕಳು ಕಳೆದುಕೊಳ್ಳಬಾರದ ಅವಕಾಶ ಇದು.

• ವಿದೇಶದಲ್ಲಿ ಎಂಬಿಬಿಎಸ್ ಓದಿ ಇಲ್ಲಿ ವೃತ್ತಿ ನಡೆಸಬೇಕಾದರೂ ನೀಟ್ ಅರ್ಹತೆ ಬೇಕು. ನೀಟ್ ಇಲ್ಲದೆ ವಿದೇಶದಲ್ಲಿ ಡಾಕ್ಟರಾಗಿ ಎನ್ನುವ ಮೆಸೇಜ್ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಈ ಯಾವ ಹಂತದಲ್ಲೂ ಏಜೆಂಟರ ಖಾತೆಗೆ ಹಣ ಹಾಕುವ ಕೆಲಸ ಇಲ್ಲ. ಖಾಸಗಿ ಸೀಟಿನ ಶುಲ್ಕ ಇಂದಿಗೂ ಬಡವರಿಗೆ ದುಬಾರಿ, ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಆ ಶುಲ್ಕ ಎಷ್ಟು ಎಂದು ಕೆಇಎ, ಎಂಸಿಸಿ ಜಾಲತಾಣಗಳಲ್ಲಿ ಮೊದಲೇ ನೋಡಬಹುದು. ಕತ್ತಲಲ್ಲಿ ಮಾತಾಡುವ ವ್ಯವಹಾರ ಅದಲ್ಲ.

1951ರಲ್ಲಿ ಕೆದಂಬಾಡಿಯ ಹುಡುಗನಿಗೆ ಸೀಟೇ ಇರಲಿಲ್ಲ. ಆಮೇಲೆ ಸೀಟು ಬಂತು, ಆದರೆ ದುಡ್ಡಿದ್ದವರಿಗೆ. ಇವತ್ತು ಅದೇ ಊರಿನ ಹುಡುಗಿ ತನ್ನ ರ‍್ಯಾಂಕ್ ಹಿಡಿದು, ಸರಿಯಾದ ಕಾಗದಪತ್ರ ಇಟ್ಟುಕೊಂಡು ಸೀಟು ಕೇಳಬಹುದು. ಈ ಸಲ ಬರದಿದ್ದರೆ ಮುಂದಿನ ವರ್ಷ ಮತ್ತೆ ಬರೆಯಬಹುದು. ಏಜೆಂಟರಿಗೆ ಕೊಟ್ಟ ದುಡ್ಡು ಹಾಗೆ ಮರಳಿ ಬರುವುದಿಲ್ಲ.

ಸೀಟು ಖಚಿತ ಎನ್ನುವ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ ಅದನ್ನು ಮುಂದೆ ಕಳುಹಿಸಬೇಡಿ. ಬದಲಿಗೆ ಇದನ್ನು ಕಳುಹಿಸಿ. ಯಾರದೋ ಮನೆಯ ಜಾಗ ಉಳಿಯಬಹುದು.