ವಿಜ್ಞಾನಿ ಪರಿಚಯ: ಡಾ. ಜಿ.ಎನ್. ರಾಮಚಂದ್ರನ್ (1922–2001)

ಪೀಠಿಕೆ

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ಭಾಗದ ಕಾಫಿ ತೋಟಗಳಲ್ಲಿ ಹಣ್ಣು ಕೊಯ್ಯುವ, ಮರಗಸಿ ಮಾಡುವ ಶ್ರಮಿಕರ ಚರ್ಮ, ಮೂಳೆ ಮತ್ತು ಕೀಲುಗಳ ಗಟ್ಟಿತನಕ್ಕೆ ಕೊಲ್ಲಾಜೆನ್ ಎಂಬ ಪ್ರೋಟೀನ್ ಆಧಾರವಾಗಿರುತ್ತದೆ. ತೋಟದಲ್ಲಿ ಬಿದ್ದು ತಲೆಗೆ ಪೆಟ್ಟಾದವರನ್ನು ಆಸ್ಪತ್ರೆಗೆ ಕರೆತಂದಾಗ ವೈದ್ಯರು ಸಿ.ಟಿ. ಸ್ಕ್ಯಾನ್ ಮಾಡಿಸಲು ಸೂಚಿಸುತ್ತಾರೆ. ಪರಸ್ಪರ ಸಂಬಂಧವಿಲ್ಲವೆಂದು ತೋರುವ ಈ ಎರಡೂ ವಿಷಯಗಳಲ್ಲಿ ಮೂಲಭೂತ ಕೊಡುಗೆ ನೀಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತು, ಅಲ್ಲಿಯೇ ಸೇವೆ ಸಲ್ಲಿಸಿದ ಡಾ. ಜಿ.ಎನ್. ರಾಮಚಂದ್ರನ್‌ರವರು. ಅವರ ಜೀವನ ಮತ್ತು ಸಾಧನೆಯ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್‌ರವರು 1922ರ ಅಕ್ಟೋಬರ್ 8ರಂದು ಕೇರಳದ ಎರ್ನಾಕುಲಂನಲ್ಲಿ ಜನಿಸಿದರು. ಇವರ ತಂದೆ ಗಣಿತದ ಪ್ರಾಧ್ಯಾಪಕರಾಗಿದ್ದರು. ತಿರುಚಿರಾಪಳ್ಳಿಯ ಸಂತ ಜೋಸೆಫರ ಕಾಲೇಜಿನಲ್ಲಿ ಭೌತಶಾಸ್ತ್ರ ವ್ಯಾಸಂಗ ಮಾಡಿದ ನಂತರ 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಎಂಜಿನಿಯರಿಂಗ್ ವಿಭಾಗವನ್ನು ಸೇರಿದರು. ಇವರ ಪ್ರತಿಭೆಯನ್ನು ಗುರುತಿಸಿದ ಸರ್ ಸಿ.ವಿ. ರಾಮನ್‌ರವರು ಇವರನ್ನು ಭೌತಶಾಸ್ತ್ರ ವಿಭಾಗಕ್ಕೆ ಬರಮಾಡಿಕೊಂಡರು. 1947ರಿಂದ 1949ರವರೆಗೆ ಕೇಂಬ್ರಿಜ್‌ನಲ್ಲಿ ಸಂಶೋಧನೆ ನಡೆಸಿ ಪದವಿ ಪಡೆದು ಬೆಂಗಳೂರಿಗೆ ಮರಳಿದರು. 1952ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ಕೊಲ್ಲಾಜೆನ್ ಸಂಶೋಧನೆ

ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳು ಒಂದಕ್ಕೊಂದು ಸೇರಿ ಆದ ಉದ್ದನೆಯ ಸರಪಳಿ. ಈ ಸರಪಳಿಯು ಸರಿಯಾಗಿ ಮಡಚಿಕೊಂಡು ಮೂರು ಆಯಾಮಗಳ ನಿರ್ದಿಷ್ಟ ಆಕಾರ ಪಡೆದಾಗಲೇ ಹೆಚ್ಚಿನ ಪ್ರೋಟೀನುಗಳು ತಮ್ಮ ಕೆಲಸ ಮಾಡಬಲ್ಲವು. ಕೊಲ್ಲಾಜೆನ್‌ನ ಆಕಾರ ಆಗ ಯಾರಿಗೂ ತಿಳಿದಿರಲಿಲ್ಲ. ಮದ್ರಾಸಿಗೆ ಭೇಟಿ ನೀಡಿದ್ದ ಇಂಗ್ಲೆಂಡಿನ ವಿಜ್ಞಾನಿ ಜೆ.ಡಿ. ಬರ್ನಾಲ್‌ರವರಿಂದ ಈ ಸಮಸ್ಯೆಯನ್ನು ಅರಿತ ರಾಮಚಂದ್ರನ್‌ರವರು, ಸಹೋದ್ಯೋಗಿ ಗೋಪಿನಾಥ್ ಕರ್ತಾರವರೊಡನೆ ಕೆಲಸ ಆರಂಭಿಸಿದರು. ಕಾಂಗರೂ ಬಾಲದ ಸ್ನಾಯುರಜ್ಜುವಿನ ಕ್ಷ-ಕಿರಣ ಚಿತ್ರಗಳನ್ನು ಅಭ್ಯಸಿಸಿ, ಮೂರು ಎಳೆಗಳಿಂದ ಕೂಡಿದ ರಚನೆಯನ್ನು 1954ರಲ್ಲಿ ಪ್ರಕಟಿಸಿದರು. 1955ರಲ್ಲಿ ಅದನ್ನು ತಿದ್ದಿ, ಮೂರು ಎಳೆಗಳು ಹಗ್ಗದಂತೆ ಒಂದರ ಸುತ್ತ ಒಂದು ಹೊಸೆದುಕೊಂಡಿರುತ್ತವೆ ಎಂದು ತೋರಿಸಿದರು.

ಈ ಸರಪಳಿಯ ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸೀನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲವಿರುತ್ತದೆ. ಹೊಸೆತದ ಒಳಭಾಗದಲ್ಲಿ ಅದಕ್ಕಿಂತ ದೊಡ್ಡದಕ್ಕೆ ಸ್ಥಳವಿಲ್ಲ. ಈ ಹಗ್ಗ ಬಿಗಿಯಾಗಿ ನಿಲ್ಲಲು ದೇಹಕ್ಕೆ ಸಿ ಜೀವಸತ್ವವೂ ಬೇಕು. ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ ನೆಲ್ಲಿಕಾಯಿಯಲ್ಲಿ ಅದು ಹೇರಳವಾಗಿದೆ. ಅದರ ತೀವ್ರ ಕೊರತೆಯಾದಾಗ ಒಸಡಿನಲ್ಲಿ ರಕ್ತ ಒಸರುವುದಕ್ಕೆ, ಗಾಯ ಬೇಗ ಮಾಯದಿರುವುದಕ್ಕೆ ಇದೇ ಕಾರಣ.

ರಾಮಚಂದ್ರನ್ ನಕ್ಷೆ

ಈ ರಚನೆಯಲ್ಲಿ ಕೆಲವು ಪರಮಾಣುಗಳು ಇರಬೇಕಾದುದಕ್ಕಿಂತ ಹತ್ತಿರವಾಗಿವೆ ಎಂದು ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್‌ರವರು ಆಕ್ಷೇಪಿಸಿದರು. ಮೂರೆಳೆಗಳ ಹೊಸೆತ ಸ್ಥಿರವಾಗಿ ಉಳಿಯಿತಾದರೂ, ಅದರೊಳಗಿನ ಬಂಧಗಳ ವಿವರದಲ್ಲಿ ತಿದ್ದುಪಡಿ ಅಗತ್ಯವಾಯಿತು. ರಾಮಚಂದ್ರನ್‌ರವರು ಈ ಆಕ್ಷೇಪಣೆಯನ್ನು ಕೇವಲ ವಾದದಿಂದ ಎದುರಿಸಲಿಲ್ಲ. ಪರಮಾಣುಗಳು ಪರಸ್ಪರ ಎಷ್ಟು ಹತ್ತಿರ ಬರಬಹುದು ಎಂಬುದನ್ನು ಅಂದಿಗೆ ತಿಳಿದಿದ್ದ ಸ್ಫಟಿಕ ರಚನೆಗಳಿಂದ ಸಂಗ್ರಹಿಸಿದರು. ಬಳಿಕ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್‌ರವರೊಡನೆ, ಇಂದಿನಂತಹ ಗಣಕಯಂತ್ರಗಳ ನೆರವಿಲ್ಲದೆ, ಲೆಕ್ಕಾಚಾರ ನಡೆಸಿದರು.

ಸರಪಳಿಯ ಪ್ರತಿ ಕೊಂಡಿಯಲ್ಲಿ ಮುಖ್ಯವಾಗಿ ಎರಡು ಕಡೆ ತಿರುವು ಸಾಧ್ಯ. ಈ ಎರಡು ತಿರುವುಗಳ ಕೋನಗಳಿಗೆ ಫೈ ಮತ್ತು ಸೈ ಎಂದು ಹೆಸರು. ಒಂದು ಕೋನವನ್ನು ಅಡ್ಡಲಾಗಿಯೂ ಇನ್ನೊಂದನ್ನು ಉದ್ದಕ್ಕೂ ಗುರುತಿಸಿದಾಗ ಸಾಧ್ಯವಿರುವ ಎಲ್ಲ ತಿರುವುಗಳೂ ಒಂದು ಚೌಕದಲ್ಲಿ ಅಡಗುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಮಾಣುಗಳ ಡಿಕ್ಕಿಯಿಂದಾಗಿ ಅಸಾಧ್ಯವೆಂದೂ, ಕೆಲವೇ ಪ್ರದೇಶಗಳು ಪ್ರೋಟೀನಿಗೆ ತೆರೆದಿವೆಯೆಂದೂ ಕಂಡುಬಂದಿತು. 1963ರಲ್ಲಿ ಪ್ರಕಟವಾದ ಈ ಫಲಿತಾಂಶವೇ ರಾಮಚಂದ್ರನ್ ನಕ್ಷೆ. ಪ್ರೋಟೀನು ಹೇಗೆ ಮಡಚಿಕೊಳ್ಳುತ್ತದೆ ಎಂಬ ಪ್ರಶ್ನೆಗೆ, ಅದು ಹೇಗೆ ಮಡಚಿಕೊಳ್ಳಲಾರದು ಎಂಬ ಕಡೆಯಿಂದ ಅವರು ದಾರಿ ತೋರಿದರು. ಆರ್.ಎನ್.ಎ. ಅಣುವಿನ ಎಳೆಯಲ್ಲಿ ಪ್ರತಿ ಘಟಕಕ್ಕೆ ಆರು ತಿರುವುಗಳಿರುವುದರಿಂದ ಅದರ ಲೆಕ್ಕ ಇನ್ನಷ್ಟು ಜಟಿಲ. ಆದರೆ ಅಲ್ಲಿಯೂ ಡಿಕ್ಕಿಯಾಗುವ ತಿರುವುಗಳನ್ನು ಬಿಟ್ಟು ಉಳಿದುದನ್ನು ಹುಡುಕುವ ವಿಧಾನವೇ ಉಪಯುಕ್ತವಾಗಿದೆ.

ಬೆಂಗಳೂರಿನಲ್ಲಿ ಸೇವೆ

1971ರಲ್ಲಿ ರಾಮಚಂದ್ರನ್‌ರವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತವಿಜ್ಞಾನ ಘಟಕವನ್ನು ಸ್ಥಾಪಿಸಿದರು. ಅದೇ ವರ್ಷ ಎ.ವಿ. ಲಕ್ಷ್ಮೀನಾರಾಯಣನ್‌ರವರೊಡನೆ, ಹಲವು ದಿಕ್ಕುಗಳಿಂದ ತೆಗೆದ ಕ್ಷ-ಕಿರಣ ನೆರಳುಗಳಿಂದ ಒಳಗಿನ ಚಿತ್ರವನ್ನು ಶೀಘ್ರವಾಗಿ ರೂಪಿಸುವ ಗಣಿತ ವಿಧಾನವನ್ನು ಪ್ರಕಟಿಸಿದರು. ಸಿ.ಟಿ. ಸ್ಕ್ಯಾನ್‌ನ ಚಿತ್ರ ರಚನೆಯಲ್ಲಿ ಬಳಕೆಗೆ ಬಂದ ಒಂದು ಶೋಧಕ ವಿಧಾನವು ಇವರಿಬ್ಬರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಗೌರವಗಳು ಮತ್ತು ಕೊನೆಯ ದಿನಗಳು

1961ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ, 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ಹಾಗೂ 1999ರಲ್ಲಿ ಎವಾಲ್ಡ್ ಪ್ರಶಸ್ತಿ ಇವರಿಗೆ ಸಂದವು. 1998ರಲ್ಲಿ ಪತ್ನಿ ರಾಜಲಕ್ಷ್ಮಿಯವರು ನಿಧನರಾದರು. ಕೊನೆಯ ವರ್ಷಗಳಲ್ಲಿ ರಾಮಚಂದ್ರನ್‌ರವರನ್ನು ಪಾರ್ಕಿನ್ಸನ್ ಕಾಯಿಲೆ ಬಾಧಿಸಿತು. ಮಿದುಳಿನ ಒಂದು ಪ್ರೋಟೀನು ತಪ್ಪಾಗಿ ಮಡಚಿಕೊಂಡು ಗಂಟುಕಟ್ಟುವುದು ಈ ಕಾಯಿಲೆಯ ಮುಖ್ಯ ಲಕ್ಷಣ. 2001ರ ಏಪ್ರಿಲ್ 7ರಂದು ಅವರು ಚೆನ್ನೈನಲ್ಲಿ ನಿಧನರಾದರು.

ಪ್ರೋಟೀನುಗಳ ಆಕಾರವನ್ನು ಗಣಕಯಂತ್ರದಿಂದ ಊಹಿಸುವ ಕಾರ್ಯಕ್ಕೆ 2024ರ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿಯ ಅರ್ಧ ಭಾಗವನ್ನು ನೀಡಲಾಯಿತು. ಹೀಗೆ ಊಹಿಸಿದ ರಚನೆಯಾಗಲಿ, ಪ್ರಯೋಗದಿಂದ ಕಂಡುಕೊಂಡ ರಚನೆಯಾಗಲಿ, ಅದು ಸರಿಯಿದೆಯೇ ಎಂದು ಪರಿಶೀಲಿಸಲು ವಿಶ್ವದಾದ್ಯಂತ ವಿಜ್ಞಾನಿಗಳು ಇಂದಿಗೂ ರಾಮಚಂದ್ರನ್ ನಕ್ಷೆಯನ್ನು ಬಳಸುತ್ತಾರೆ.