ಹೋಮಿ ಭಾಭಾ: ಬೆಂಗಳೂರಿನ ಆರು ವರ್ಷ ಮತ್ತು ಮೆಸಾನುಗಳ ಲೆಕ್ಕ



ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ನಮ್ಮ ಮನೆಗಳ ಮಕ್ಕಳು ಹೆಚ್ಚಿನ ಓದಿಗೆ ಹೊರಟರೆ ಕೆಲವರು ಪುಣೆ, ಮುಂಬಯಿ ಕಡೆ ಹೋಗುತ್ತಾರೆ, ಕೆಲವರು ಬೆಳಗಾವಿ, ಬೆಂಗಳೂರು ಕಡೆ. ಮುಂಬಯಿ, ಬೆಂಗಳೂರು ಎರಡೂ ತಮ್ಮವರೆನ್ನುವ ಒಬ್ಬ ವಿಜ್ಞಾನಿಯನ್ನು ಈ ಸಲ ನೆನೆಯುತ್ತಿದ್ದೇವೆ. ಅಣುಶಕ್ತಿಯ ಹೋಮಿ ಭಾಭಾ ಎಲ್ಲರಿಗೂ ಗೊತ್ತು. ಮೆಸಾನುಗಳ ಭಾಭಾ ಅವರನ್ನು ಬಲ್ಲವರು ಕಡಿಮೆ.

1909ರ ಅಕ್ಟೋಬರ್ 30ರಂದು ಮುಂಬಯಿಯ ಪಾರ್ಸಿ ಮನೆತನದಲ್ಲಿ ಹುಟ್ಟಿದ ಭಾಭಾ, 1927ರಲ್ಲಿ ಎಂಜಿನಿಯರಿಂಗ್ ಓದಲು ಕೇಂಬ್ರಿಡ್ಜ್‌ಗೆ ಹೋದರು. ಮಗ ಟಾಟಾ ಉಕ್ಕಿನ ಕಾರ್ಖಾನೆ ಸೇರಲಿ ಎಂಬುದು ಮನೆಯವರ ಆಸೆ. ಮಗನ ಮನಸ್ಸು ಭೌತಶಾಸ್ತ್ರದ ಮೇಲೆ. ಎಂಜಿನಿಯರಿಂಗ್ ಮುಗಿಸಿಕೊಟ್ಟು, ತಂದೆಯ ಒಪ್ಪಿಗೆ ಪಡೆದು ಗಣಿತ, ಭೌತಶಾಸ್ತ್ರದತ್ತ ತಿರುಗಿದರು. ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣ ಪಾಸಿಟ್ರಾನ್ ಎದುರಾದಾಗ ಹೇಗೆ ಚದುರುತ್ತವೆ ಎಂಬ ಅವರ ಲೆಕ್ಕ 1936ರಲ್ಲಿ ಪ್ರಕಟವಾಯಿತು. ಜಗತ್ತು ಅದನ್ನು ಭಾಭಾ ಚದುರಿಕೆ ಎಂದೇ ಕರೆಯುತ್ತದೆ.

ಆ ಕಾಲಕ್ಕೆ ವಿಶ್ವಕಿರಣಗಳಲ್ಲಿ ಎಲೆಕ್ಟ್ರಾನಿಗಿಂತ ಭಾರವಾದ, ಪ್ರೋಟಾನಿಗಿಂತ ಹಗುರವಾದ ಹೊಸ ಕಣವೊಂದು ಸಿಕ್ಕಿತ್ತು. ಇಂಥ ಕಣ ತಾನಾಗಿ ಒಡೆಯಬೇಕು, ವೇಗವಾಗಿ ಓಡುವಾಗ ಅದರ ಆಯುಸ್ಸು ನಮಗೆ ಹೆಚ್ಚಾಗಿ ಕಾಣಬೇಕು, ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತಕ್ಕೆ ಅದು ನೇರ ಸಾಕ್ಷಿಯಾಗುತ್ತದೆ ಎಂದು ಭಾಭಾ 1938ರಲ್ಲಿ ತೋರಿಸಿದರು. ಮರುವರ್ಷ ಮೆಸಾನ್ ಎಂಬ ಹೆಸರಿನ ಪರವಾಗಿ ವಾದಿಸಿದರು. ಆಗ ಸಿಕ್ಕ ಕಣವನ್ನು ಇಂದು ಮ್ಯೂಯಾನ್ ಎನ್ನುತ್ತಾರೆ. ಮೆಸಾನ್ ಎಂಬ ಹೆಸರು ಬೇರೊಂದು ದೊಡ್ಡ ಕುಟುಂಬಕ್ಕೆ ಉಳಿಯಿತು.

1939ರಲ್ಲಿ ರಜೆಗೆಂದು ಊರಿಗೆ ಬಂದಿದ್ದಾಗ ಯುದ್ಧ ಶುರುವಾಗಿ, ಮರಳುವ ದಾರಿ ಮುಚ್ಚಿತು. ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸರ್ ಸಿ. ವಿ. ರಾಮನ್ ಅವರ ಭೌತಶಾಸ್ತ್ರ ವಿಭಾಗದಲ್ಲಿ ಕೆಲಸಕ್ಕೆ ಸೇರಿದರು. ವಿಶ್ವಕಿರಣ ಸಂಶೋಧನಾ ಘಟಕ ಕಟ್ಟಿದರು. ಕೇಂಬ್ರಿಡ್ಜ್‌ಗೆ ಮರಳಬೇಕೆಂಬ ಆಸೆ ಮೊದಮೊದಲು ಇತ್ತು. ಆರು ವರ್ಷಗಳಲ್ಲಿ ಅದು ಬದಲಾಯಿತು. ಇಲ್ಲೇ ನಿಂತು ವಿಜ್ಞಾನ ಕಟ್ಟಬೇಕೆಂಬ ತೀರ್ಮಾನಕ್ಕೆ ಬಂದರು. 1944ರ ಮಾರ್ಚ್‌ನಲ್ಲಿ ಸರ್ ದೊರಾಬ್ಜಿ ಟಾಟಾ ಟ್ರಸ್ಟಿಗೆ ಪತ್ರ ಬರೆದರು. 1945ರ ಜೂನ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲೇ ಕಣ್ಣುಬಿಟ್ಟು, ಅದೇ ವರ್ಷದ ಕೊನೆಗೆ ಮುಂಬಯಿಗೆ ಹೋಯಿತು.

ಸಂಸ್ಥೆ ಹೋದರೂ ನಂಟು ಹೋಗಲಿಲ್ಲ. ಭಾಭಾ ಅವರ ಸೂಚನೆಯಂತೆ ನಂಜನಗೂಡಿನವರಾದ ಬಿ. ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಇಳಿದು, ನೆಲದಾಳಕ್ಕೆ ತೂರಿ ಬರುವ ಮ್ಯೂಯಾನುಗಳನ್ನು ಅಳೆದರು. 1965ರಲ್ಲಿ ಅದೇ ಗಣಿಯಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಸಿಕ್ಕಿತು. ಮರುವರ್ಷ ಜನವರಿ 24ರಂದು ಭಾಭಾ ಇದ್ದ ಏರ್ ಇಂಡಿಯಾ ವಿಮಾನ ಜಿನೀವಾದಲ್ಲಿ ಇಳಿಯುವ ಮುನ್ನ ಮೋಂಟ್ ಬ್ಲಾಂಕ್ ಪರ್ವತಕ್ಕೆ ಬಡಿಯಿತು. ವಿಮಾನದಲ್ಲಿದ್ದ 117 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಭಾಭಾ ಅವರಿಗೆ ಆಗ 56 ವರ್ಷ.

ಅವರ ಲೆಕ್ಕ ಮಾತ್ರ ಇಂದಿಗೂ ದುಡಿಯುತ್ತಿದೆ. ಜಪಾನಿನ ಸುಕುಬಾದಲ್ಲಿ 1999ರಿಂದ 2010ರವರೆಗೆ ನಡೆದ ಬೆಲ್ ಪ್ರಯೋಗದಲ್ಲಿ ಎಲೆಕ್ಟ್ರಾನ್, ಪಾಸಿಟ್ರಾನುಗಳನ್ನು ಡಿಕ್ಕಿ ಹೊಡೆಸಿ ಬಿ ಮೆಸಾನುಗಳನ್ನು ಹುಟ್ಟಿಸುತ್ತಿದ್ದರು. ಇವು ಪ್ರೋಟಾನಿನ ಐದು ಪಟ್ಟಿಗೂ ಹೆಚ್ಚು ಭಾರ. ಸೆಕೆಂಡಿನ ಲಕ್ಷ ಕೋಟಿಯ ಒಂದೂವರೆ ಭಾಗದಷ್ಟು ಕಾಲ ಬದುಕಿ ಒಡೆಯುತ್ತವೆ. ಬಿ ಮೆಸಾನು ಒಡೆದು ಒಂದು ಕೇಯಾನ್ ಮತ್ತು ಎಲೆಕ್ಟ್ರಾನ್ ಅಥವಾ ಮ್ಯೂಯಾನ್ ಜೋಡಿಯಾಗುವುದು ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ. ಇದನ್ನು ಮೊದಲು ಕಂಡ ಬೆಲ್ ತಂಡದ ವರದಿ 2002ರಲ್ಲಿ ಪ್ರಕಟವಾಯಿತು. ಎಣಿಕೆ ನಮ್ಮ ಸಿದ್ಧಾಂತ ಹೇಳಿದ್ದಕ್ಕಿಂತ ಹೆಚ್ಚುಕಡಿಮೆಯಾದರೆ, ಇನ್ನೂ ಕಾಣದ ಯಾವುದೋ ಕಣದ ಕೈವಾಡ ಅಲ್ಲಿರಬಹುದು. ಇಂಥ ಅಪರೂಪದ ಒಡೆತಗಳನ್ನು ಹುಡುಕುವುದು ಅದಕ್ಕಾಗಿಯೇ.

ಇಚಲಕರಂಜಿಯ ಮಗ್ಗದವರಿಗೆ ಇದು ಬೇಗ ತಿಳಿಯುತ್ತದೆ. ಬಟ್ಟೆಯಲ್ಲಿ ಮೂರು ಎಳೆ ತಪ್ಪಿವೆ ಎಂದರೆ ಸಾಲದು, ಎಷ್ಟು ಮೀಟರ್ ನೇಯ್ದಾಗ ಮೂರು ಎಂಬುದೂ ಬೇಕು. ಯಂತ್ರ ಒಟ್ಟು ಎಷ್ಟು ಡಿಕ್ಕಿ ಕೊಟ್ಟಿತೆಂದು ಅಳೆಯಲು ಇಂಥ ಪ್ರಯೋಗಗಳಲ್ಲಿ ಭಾಭಾ ಚದುರಿಕೆಯನ್ನು ಎಣಿಸುತ್ತಾರೆ. ಅದು ಎಷ್ಟು ಸಲ ಆಗಬೇಕೆಂಬ ಲೆಕ್ಕ ಖಚಿತವಾಗಿ ಗೊತ್ತಿರುವುದರಿಂದ ಅದೇ ಅಳತೆಗೋಲು. ಭಾಭಾ ಕಟ್ಟಿದ ಮುಂಬಯಿ ಸಂಸ್ಥೆಯ ವಿಜ್ಞಾನಿಗಳೂ ಬೆಲ್ ತಂಡದಲ್ಲಿದ್ದರು.

ಭಾಭಾ ಯಾರವರು ಎಂದು ಗಡಿಭಾಗದ ನಾವು ಜಗಳವಾಡಬೇಕಿಲ್ಲ. ಅವರು ಮುಂಬಯಿಯಲ್ಲಿ ಹುಟ್ಟಿದರು, ಇಲ್ಲೇ ನಿಲ್ಲಬೇಕೆಂಬ ಮನಸ್ಸು ಮಾಡಿದ್ದು ಬೆಂಗಳೂರಿನಲ್ಲಿ. ಹೊರಗಿನ ದಾರಿ ಮುಚ್ಚಿದಾಗ ಇದ್ದ ಊರಲ್ಲೇ ಕೆಲಸ ಹಿಡಿದು ಅದನ್ನು ದೊಡ್ಡದು ಮಾಡಿದರು. ವಿಜ್ಞಾನ ಓದುತ್ತಿರುವ ನಮ್ಮ ಮಕ್ಕಳಿಗೆ, ಯಾವ ಮಾಧ್ಯಮದಲ್ಲಿ ಓದುತ್ತಿದ್ದರೂ ಸರಿ, ಈ ಕಥೆಯನ್ನು ಮನೆಯಲ್ಲಿ ಕನ್ನಡದಲ್ಲಿ ಹೇಳಿ ಎಂದು ಸದಸ್ಯರೆಲ್ಲರಲ್ಲಿ ಕೋರುತ್ತೇವೆ.