ಪರರಿಗಾಗಿ ಪ್ರಾಣವಿತ್ತ ಆರಕ್ಷಕ: ಸಾಲ್ವೊ ದಾಕ್ವಿಸ್ತೊ

ಪ್ರಭು ಯೇಸುವಿನ ಶಿಲುಬೆಯನ್ನು ಹೊರಲು ಎಲ್ಲರೂ ಮಠ ಸೇರಬೇಕಾಗಿಲ್ಲ. ಆರಕ್ಷಕನ ಸಮವಸ್ತ್ರದಲ್ಲಿದ್ದುಕೊಂಡೇ ಅದನ್ನು ಹೊರಬಹುದೆಂಬುದಕ್ಕೆ ಇಟಲಿಯ ಸಾಲ್ವೊ ದಾಕ್ವಿಸ್ತೊ ಅವರ ಕಿರುಬಾಳು ಸಾಕ್ಷಿಯಾಗಿದೆ.

1920ರ ಅಕ್ಟೋಬರ್ 15ರಂದು ನೇಪಲ್ಸ್ ನಗರದ ಕಥೋಲಿಕ ಕುಟುಂಬವೊಂದರಲ್ಲಿ ಜನಿಸಿದ ಸಾಲ್ವೊ, 1939ರಲ್ಲಿ ಕಾರಬಿನಿಯೇರಿ ಎಂಬ ಆರಕ್ಷಕ ದಳವನ್ನು ಸೇರಿದರು. ಯುದ್ಧಕಾಲದಲ್ಲಿ ಲಿಬಿಯಾದಲ್ಲಿ ಸೇವೆ ಸಲ್ಲಿಸಿ ಗಾಯಗೊಂಡರು. ತಾಯ್ನಾಡಿಗೆ ಮರಳಿ ತರಬೇತಿ ಮುಗಿಸಿದ ಮೇಲೆ, ರೋಮ್ ನಗರದಿಂದ ಸುಮಾರು 30 ಕಿ.ಮೀ. ದೂರದ ತೊರ್ರಿಂಪಿಯೆತ್ರ ಎಂಬ ಸಣ್ಣ ಊರಿನ ಠಾಣೆಗೆ ಕಿರಿಯ ಅಧಿಕಾರಿಯಾಗಿ ಬಂದರು.

1943ರ ಸೆಪ್ಟೆಂಬರ್ 8ರಂದು ಇಟಲಿಯ ಕದನವಿರಾಮ ಪ್ರಕಟವಾದೊಡನೆ ಜರ್ಮನ್ ಸೇನೆ ಆ ಪ್ರದೇಶವನ್ನು ವಶಪಡಿಸಿಕೊಂಡಿತು. ಅದೇ ತಿಂಗಳ 22ರಂದು, ಕಡಲತೀರದ ಪಾಲಿದೊರೊ ಗೋಪುರದ ಬಳಿ, ಜರ್ಮನ್ ಸೈನಿಕರು ಮದ್ದುಗುಂಡಿನ ಪೆಟ್ಟಿಗೆಗಳನ್ನು ಪರಿಶೀಲಿಸುತ್ತಿದ್ದಾಗ ಸ್ಫೋಟವಾಗಿ ಜೀವಹಾನಿ ಸಂಭವಿಸಿತು. ಅದೊಂದು ಆಕಸ್ಮಿಕ. ಆದರೆ ಜರ್ಮನರು ಅದನ್ನು ಊರವರ ಸಂಚೆಂದೇ ಬಗೆದರು.

ಮರುದಿನ ಠಾಣೆಯ ಮುಖ್ಯಸ್ಥರು ಊರಲ್ಲಿರಲಿಲ್ಲ. ಹೊಣೆಯೆಲ್ಲ ಸಾಲ್ವೊ ಅವರ ಮೇಲೆ ಬಿತ್ತು. ನಡೆದುದು ಅಪಘಾತವೆಂದು ಅವರು ವಿವರಿಸಿದರೂ ಯಾರೂ ನಂಬಲಿಲ್ಲ. ನಿರಪರಾಧಿಗಳಾದ 22 ಮಂದಿಯನ್ನು ಹಿಡಿದು, ಸಾಲ್ವೊ ಅವರೊಡನೆ ಗೋಪುರದ ಬಳಿಗೆ ಒಯ್ದು, ಅವರಿಂದಲೇ ಅವರ ಗುಂಡಿಗಳನ್ನು ತೋಡಿಸಲಾಯಿತು.

ಆಗ ಸಾಲ್ವೊ, ಯಾರೂ ಎಸಗದ ಆ ಅಪರಾಧವನ್ನು ತಾವೊಬ್ಬರೇ ಎಸಗಿದ್ದೆಂದು ಹೇಳಿ ತಮ್ಮ ಮೇಲೆ ಹೊತ್ತುಕೊಂಡರು. 22 ಮಂದಿಗೂ ಬಿಡುಗಡೆಯಾಯಿತು. ಸಾಲ್ವೊ ಗುಂಡಿಗೆ ಬಲಿಯಾದರು. ಅವರಿಗೆ 23 ವರ್ಷ ತುಂಬಲು ಇನ್ನೂ 22 ದಿನಗಳಿದ್ದವು.

ಇಟಲಿ ಸರಕಾರ ಅವರಿಗೆ ಮರಣೋತ್ತರವಾಗಿ ಶೌರ್ಯದ ಸ್ವರ್ಣಪದಕವನ್ನಿತ್ತಿತು. ಅವರ ಪಾರ್ಥಿವ ಶರೀರ ನೇಪಲ್ಸ್‌ನ ಸಂತ ಕ್ಲಾರಾ ದೇವಾಲಯದಲ್ಲಿ ವಿಶ್ರಮಿಸುತ್ತಿದೆ. ಸಂತಪದವಿಯ ವಿಚಾರಣೆ 1983ರಲ್ಲಿ ಆರಂಭವಾಯಿತು. ವಿಶ್ವಾಸದ ದ್ವೇಷದಿಂದ ಕೊಲ್ಲಲ್ಪಟ್ಟವರನ್ನು ಧರ್ಮಸಭೆ ರಕ್ತಸಾಕ್ಷಿಗಳೆನ್ನುತ್ತದೆ; ಪರರಿಗಾಗಿ ತಾನಾಗಿಯೇ ಪ್ರಾಣವಿತ್ತವರಿಗೆ ಪ್ರತ್ಯೇಕ ಮಾರ್ಗವಿರಲಿಲ್ಲ. 2017ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಜೀವಾರ್ಪಣೆಯೆಂಬ ಆ ಮಾರ್ಗವನ್ನು ತೆರೆದರು. ಅದರಂತೆ 2025ರ ಫೆಬ್ರವರಿಯಲ್ಲಿ ಸಾಲ್ವೊ ಅವರ ಜೀವಾರ್ಪಣೆಗೆ ಮನ್ನಣೆ ದೊರೆತು, ಅವರು ಪೂಜ್ಯರೆನಿಸಿದರು.

ಪ್ರಿಯ ವಿಶ್ವಾಸಿಗಳೇ, ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ನಮ್ಮ ಧರ್ಮಕೇಂದ್ರವನ್ನು ಕಟ್ಟಿ ಬೆಳೆಸಿದ ಹಿರಿಯರನ್ನು ನೆನೆಯೋಣ. ಜೊತೆಗೆ, ಅನ್ಯರ ಕ್ಷೇಮಕ್ಕಾಗಿ ರಾತ್ರಿಹಗಲು ಕಾವಲು ನಿಲ್ಲುವವರಿಗಾಗಿಯೂ ಪ್ರಾರ್ಥಿಸೋಣ. ನೆರೆಯವನ ಗುಂಡಿಯ ಅಂಚಿನಲ್ಲಿ ತಾನೇ ನಿಲ್ಲುವಂಥ ಪ್ರೀತಿಯನ್ನು ಪ್ರಭು ನಮಗೂ ದಯಪಾಲಿಸಲಿ.